ಮಳೆಗಾಲದ ಸಾಮಾನು: ಒಬ್ಬರೇ ತರೋದಾ, ಏಳು ಮನೆ ಸೇರಿ ತರೋದಾ?

ಮೇ ತಿಂಗಳು ಹುಟ್ಟಿತು ಅಂದ್ರೆ ನಮ್ಮ ಕೇರಿಯಲ್ಲಿ ಒಂದೇ ಮಾತು. "ಈ ಸಲ ಅಕ್ಕಿ ಎಲ್ಲಿಂದ?" ನಮ್ಮದು ಕಾರವಾರದ ಅಂಚಿನ ಸಣ್ಣ ಕೇರಿ. ಒಟ್ಟು ಏಳು ಮನೆ. ನಾನು ಶಿರಸಿ ಕಡೆಯಿಂದ ಮದುವೆಯಾಗಿ ಇಳಿದು ಬಂದವಳು. ತವರಲ್ಲಿ ಮಳೆಗಾಲದ ಸಾಮಾನು ತುಂಬೋದು ಅಂದ್ರೆ ಮದುವೆ ತಯಾರಿಯಷ್ಟೇ ದೊಡ್ಡ ಕೆಲಸ. ಕೊಟ್ಟಿಗೆ ಪಕ್ಕ ಒಣ ಕಟ್ಟಿಗೆ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಡಬ್ಬಿಯಲ್ಲಿ ಜೋನಿಬೆಲ್ಲ, ಅಟ್ಟದ ಮೇಲೆ ಹಪ್ಪಳ. ಇಲ್ಲಿ ಬಂದಾಗ ಅದೆಲ್ಲ ಬಿಟ್ಟುಬಿಟ್ಟಿದ್ದೆ. ಅಂಗಡಿ ಹತ್ತು ಹೆಜ್ಜೆ ದೂರ ಇರುವಾಗ ಮನೆಯಲ್ಲಿ ಚೀಲ ಪೇರಿಸಿಕೊಂಡು ಏನು ಮಾಡೋದು ಅಂತ.

ಆಮೇಲೆ 2024ರ ಜುಲೈ 16 ಬಂತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ಹೆದ್ದಾರಿ 66 ಹಲವು ದಿನ ಬಂದ್ ಆಯಿತು. ಅದರ ಬೆನ್ನಿಗೇ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಮುರಿದು ಬಿತ್ತು. ಅಂಗಡಿ ಹತ್ತಿರ ಇದ್ದರೇನು, ಆ ಅಂಗಡಿಗೆ ಸಾಮಾನು ಬರೋಕೆ ರಸ್ತೆ ಬೇಕಲ್ಲ. ಅದು ಆವತ್ತು ತಲೆಗೆ ಹೋಯಿತು.

ಹಾಗಾಗಿ ಈಗ ನಾವು ಏಳು ಮನೆಯವರೂ ಮಳೆಗೆ ಮುಂಚೆ ಸೇರಿ ಸಾಮಾನು ತರುತ್ತೇವೆ. ಎಲ್ಲವನ್ನೂ ಸೇರಿ ತರುವುದಿಲ್ಲ. ಮೊದಲ ಸಲ ಹಾಗೆ ತಂದು ಪೆಟ್ಟು ತಿಂದಿದ್ದೇವೆ. ಕೆಲವು ಸಾಮಾನು ಒಬ್ಬರೇ ತಂದರೇ ಚಲೋ, ಕೆಲವು ಸೇರಿ ತಂದರೆ ಮಾತ್ರ ಲಾಭ, ಇನ್ನು ಕೆಲವು ಬೆಳೆದವರ ಮನೆಗೇ ಹೋಗಿ ತರಬೇಕು. ಯಾವುದಕ್ಕೆ ಯಾವ ದಾರಿ ಅನ್ನೋದನ್ನೇ ಇಲ್ಲಿ ಬರೀತಾ ಇದ್ದೇನೆ.

ಮೊದಲು ಎಷ್ಟು ಬೇಕು ಅಂತ ತಿಳಿದುಕೊಳ್ಳಿ

ಇದನ್ನು ಅಂದಾಜಿನಲ್ಲಿ ಹೇಳಬೇಡಿ. ನನ್ನ ಅಂದಾಜಿನಲ್ಲಿ ನಮ್ಮ ಮನೆಗೆ ತಿಂಗಳಿಗೆ 12 ಕೆಜಿ ಅಕ್ಕಿ. ಏಪ್ರಿಲ್ 1ಕ್ಕೆ ಹೊಸ ಚೀಲ ಒಡೆದು, ಅದರ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆದು ನೋಡಿದರೆ ನಿಜಕ್ಕೂ ಹೋಗಿದ್ದು 18. ದೋಸೆ, ಕಡುಬಿಗೆ ನೆನೆಸಿದ್ದು ಲೆಕ್ಕದಲ್ಲೇ ಇರಲಿಲ್ಲ. ಬೇಳೆ ಉಲ್ಟಾ ಆಗಿತ್ತು, ಅಂದಾಜಿಗಿಂತ ಕಡಿಮೆ.

ಮಳೆಗಾಲಕ್ಕೆ ಅಂತ ನಾವು ಹಿಡಿಯೋದು ಜೂನ್ ಮೊದಲಿಂದ ಆಗಸ್ಟ್ ಮಧ್ಯದವರೆಗೆ, ಸುಮಾರು 75 ದಿನ. ಅದಕ್ಕಿಂತ ಜಾಸ್ತಿ ಬೇಡ. ಚೌತಿ ಹೊತ್ತಿಗೆ ಡಬ್ಬಿ ಖಾಲಿ ಆಗಿ, ಹಬ್ಬಕ್ಕೆ ಹೊಸ ಸಾಮಾನು ಬರಬೇಕು. ವರ್ಷಕ್ಕಾಗುವಷ್ಟು ತುಂಬೋದು ಘಟ್ಟದ ಮೇಲೆ ಹೊಗೆ ಅಟ್ಟ ಇರುವ ಮನೆಗೆ ಸರಿ. ಕರಾವಳಿಯ ಆರ್‌ಸಿಸಿ ಮನೆಯಲ್ಲಿ, ಜುಲೈ ತಿಂಗಳಲ್ಲಿ ಗೋಡೆಯೇ ಬೆವರುವಾಗ, ಆ ಆಸೆ ಬೇಡ. ಇನ್ನು ರೇಷನ್ ಅಕ್ಕಿ ಬರುವ ಮನೆಯವರು ಅದನ್ನು ಕಳೆದು ಲೆಕ್ಕ ಹಾಕಿ. ನಮ್ಮಲ್ಲಿ ಎರಡು ಮನೆಯವರು ಸುಮ್ನೆ ಎಲ್ಲರ ಜೊತೆ ಎರಡು ಚೀಲ ಅಂದುಬಿಟ್ಟು, ಸೆಪ್ಟೆಂಬರ್‌ನಲ್ಲಿ ಹುಳ ಆರಿಸುತ್ತಾ ಕೂತಿದ್ದರು.

ಗಲ್ಲಿಯ ಅಂಗಡಿ

ಕೆಜಿಗೆ ಎರಡು ರೂಪಾಯಿ ಜಾಸ್ತಿ ಅಂತ ಗಲ್ಲಿಯ ಕಿರಾಣಿ ಅಂಗಡಿಯನ್ನು ಬಿಟ್ಟುಬಿಡೋರಿದ್ದಾರೆ. ನಾನು ಬಿಡೋಲ್ಲ. ಉದ್ರಿ ಕೊಡುತ್ತಾರೆ. ಬೇಳೆಯಲ್ಲಿ ಹುಳ ಬಂದರೆ ಮಾರನೇ ದಿನ ವಾಪಸ್ ತಗೊಳ್ಳುತ್ತಾರೆ. ಕಾಲು ಕೆಜಿ ಸಾಸಿವೆ ಕೇಳಿದರೂ ಮುಖ ಸಿಂಡರಿಸೋದಿಲ್ಲ. ರಸ್ತೆ ಬಂದ್ ಆದಾಗ ಪರಿಚಯದವರಿಗೆ ಅಂತ ಒಂದಿಷ್ಟು ತೆಗೆದಿಟ್ಟಿದ್ದೂ ಇವರೇ.

ಬೇಗ ಕೆಡುವ ಸಾಮಾನೆಲ್ಲ ಇಲ್ಲೇ ತರಬೇಕು. ರವೆ, ಮೈದಾ, ಗೋದಿಹಿಟ್ಟು, ಅವಲಕ್ಕಿ, ಶೇಂಗಾ. ಇದನ್ನು ನಾನು ಕಲಿತ ಬಗೆ ಹೇಳುತ್ತೇನೆ. ಮೊದಲ ವರ್ಷ ಉತ್ಸಾಹದಲ್ಲಿ ನಾನೊಬ್ಬಳೇ 10 ಕೆಜಿ ರವೆ ಹಿಡಿದಿದ್ದೆ. ಜುಲೈ ಕೊನೆಗೆ ಡಬ್ಬಿ ತೆಗೆದು ಸೌಟು ಹಾಕಿದರೆ ರವೆ ಉದುರಲಿಲ್ಲ. ಜೇಡರ ಬಲೆಯಂಥ ನೂಲಿಗೆ ಅಂಟಿಕೊಂಡು, ಗಂಟುಗಂಟಾಗಿ ಎದ್ದು ಬಂತು. ಒಂದು ಗಂಟು ಒಡೆದೆ. ಒಳಗೆ ಅಕ್ಕಿಕಾಳಿನಷ್ಟು ಉದ್ದದ ಬಿಳಿ ಹುಳ ನಿಧಾನಕ್ಕೆ ತಲೆ ಎತ್ತಿತು. ಆರು ಕೆಜಿ ಕೋಳಿಗೆ ಹೋಯಿತು. ನಮ್ಮ ಮನೆಯಲ್ಲಿ ಕೋಳಿಯೂ ಇಲ್ಲ, ಪಕ್ಕದ ಮನೆ ವೈನಿಯ ಕೋಳಿಗಳಿಗೆ ಹಬ್ಬ.

ಹಿಟ್ಟು ಮಾಡಿದ ಕಾಳು ಇಡೀ ಕಾಳಿಗಿಂತ ಬೇಗ ಕೆಡುತ್ತದೆ, ಅಷ್ಟೇ ವಿಷಯ. ಗೋದಿ ಇಡೀ ತಂದಿಟ್ಟು, ಹದಿನೈದು ದಿನಕ್ಕೊಮ್ಮೆ ಗಿರಣಿಗೆ ಒಯ್ಯಬಹುದು. ಕರೆಂಟ್ ಇದ್ದ ದಿನ ನೋಡಿ.

ಸೊಸೈಟಿ

ಇದು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ. ಅಡಿಕೆ ಬೆಳೆಗಾರರಿಗಂತೂ ಮನೆ ಸೇರಿ ಸಾಮಾನು ತರುವ ಹೊಸ ಗುಂಪೇನೂ ಬೇಕಿಲ್ಲ, ಅವರ ಅಜ್ಜಂದಿರು ಕಟ್ಟಿದ್ದೇ ಇದೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾಗಿದ್ದು 1923ರಲ್ಲಿ. ಅಡಿಕೆ ಮಾರೋಕೆ ಅಂತ ಸೇರಿದವರಿಗೆ ಈಗ ಅಕ್ಕಿ, ಬೇಳೆಯಿಂದ ಹಿಡಿದು ಸ್ಟೀಲ್ ಪಾತ್ರೆವರೆಗೂ ಅಲ್ಲೇ ಸಿಗುತ್ತದೆ.

ನನ್ನ ಅಣ್ಣನನ್ನು ಕೇಳಿದರೆ ಅಲ್ಲಿನ ದೊಡ್ಡ ಅನುಕೂಲ ದರದಲ್ಲಿಲ್ಲ, ದುಡ್ಡಿನ ಹೊತ್ತಿನಲ್ಲಿದೆ ಅಂತಾನೆ. ಮೇ ತಿಂಗಳಲ್ಲಿ ಕೈಯಲ್ಲಿ ಕಾಸಿಲ್ಲದಿದ್ದರೂ ಸೊಸೈಟಿಯ ಖಾತೆಗೆ ಬರೆಸಿ ಸಾಮಾನು ತರಬಹುದು, ಅಡಿಕೆ ಕೊಟ್ಟಾಗ ವಜಾ ಆಗುತ್ತದೆ. ಅದರ ಅಪಾಯವೂ ಅಲ್ಲೇ ಇದೆ. ಕೈಯಿಂದ ನೋಟು ಎಣಿಸಿ ಕೊಡದಿದ್ದರೆ ಖರ್ಚು ಆಗಿದ್ದು ಗೊತ್ತೇ ಆಗೋದಿಲ್ಲ. ಬಿಸ್ಕತ್ತು, ಶಾಂಪೂ ಅಂತ ಬುಟ್ಟಿ ತುಂಬಿ, ವರ್ಷದ ಕೊನೆಗೆ ಲೆಕ್ಕದ ಪಟ್ಟಿ ನೋಡಿ ಎದೆ ಹಿಡಿದುಕೊಳ್ಳೋದು.

ತೋಟದ ಸಾಮಾನಿಗೆ ಮಾತ್ರ ಸೊಸೈಟಿಯನ್ನು ಮೀರಿಸೋದು ಕಷ್ಟ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಎಲ್ಲರಿಗೂ ಒಂದೇ ವಾರದಲ್ಲಿ ಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಬೋರ್ಡೋ ದ್ರಾವಣ. ಮಳೆ ಹಿಡಿಯೋಕೆ ಮುಂಚೆ ಮೊದಲ ಔಷಧಿ ಹೊಡೆಯಬೇಕು, ಸುಮಾರು ನಲವತ್ತು ದಿನಕ್ಕೆ ಎರಡನೇದು. ಆ ಹೊತ್ತಿಗೆ ಪೇಟೆಯ ಅಂಗಡಿಗಳನ್ನು ಸುತ್ತೋಕೆ ಯಾರಿಗೂ ಪುರುಸೊತ್ತಿರೋದಿಲ್ಲ. ಎರಡೂ ಸಲದ್ದನ್ನು ಮೇ ತಿಂಗಳಲ್ಲೇ ತಂದು, ಒಣ ಜಾಗದಲ್ಲಿ, ತಿನ್ನುವ ಸಾಮಾನಿನಿಂದ ದೂರ ಇಡೋದು ಒಳ್ಳೇದು.

ಏಳು ಮನೆ ಸೇರಿ ಹೋಲ್‌ಸೇಲ್

ಮೊದಲು ಎಲ್ಲರಿಗೂ ಬರುವ ಯೋಚನೆ ಹುಬ್ಬಳ್ಳಿ. "ಗಾಡಿ ಮಾಡ್ಕೊಂಡು ಹುಬ್ಬಳ್ಳಿಗೆ ಹೋಗಿ ತಂದ್ಬಿಡೋಣ, ಅರ್ಧಕ್ಕರ್ಧ ಉಳೀತದೆ." ಅರ್ಧಕ್ಕರ್ಧ ಏನೂ ಉಳಿಯೋದಿಲ್ಲ. ಲೆಕ್ಕ ಮಾಡೋಣ. ಇಲ್ಲಿರೋ ಅಂಕಿ ಬರೀ ಉದಾಹರಣೆಗೆ, ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಿ.

ಮನೆಗೆ 26 ಕೆಜಿಯ ಎರಡು ಚೀಲ ಅಕ್ಕಿ ಅಂದ್ರೆ ಏಳು ಮನೆಗೆ 364 ಕೆಜಿ. ಕೆಜಿಗೆ 5 ರೂಪಾಯಿ ಉಳಿದರೆ 1,820. ತೊಗರಿಬೇಳೆ 50 ಕೆಜಿ, ಕೆಜಿಗೆ 15ರಂತೆ 750. ಬ್ಯಾಡಗಿ ಮೆಣಸು 20 ಕೆಜಿ, ಕೆಜಿಗೆ 50ರಂತೆ 1,000. ಸಕ್ಕರೆ 50 ಕೆಜಿ, ಎರಡು ರೂಪಾಯಿಯಂತೆ 100. ಎಣ್ಣೆ ನಾಲ್ಕು ಡಬ್ಬಿ, ಡಬ್ಬಿಗೆ 60ರಂತೆ 240. ಒಟ್ಟು ಉಳಿತಾಯ 3,910. ಈಗ ಖರ್ಚು. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಬರೋಕೆ ಪಿಕಪ್ ಬಾಡಿಗೆ 3,000 ಅಂತಿಟ್ಟುಕೊಳ್ಳಿ. ಹಮಾಲಿ, ಚಹಾ, ಊಟ ಸೇರಿ 400. ಕೈಯಲ್ಲಿ ಉಳಿದಿದ್ದು 510. ಮನೆಗೆ 73 ರೂಪಾಯಿ. ಇಬ್ಬರ ಒಂದಿಡೀ ದಿನ ಹೋಗಿದ್ದು ಲೆಕ್ಕಕ್ಕಿಲ್ಲ.

ಅದೇ ಲೆಕ್ಕ, ಖಾಲಿ ವಾಪಸ್ ಬರುವ ಗಾಡಿ ಸಿಕ್ಕರೆ ಬೇರೆ ಆಗುತ್ತದೆ. ಮೀನು, ತೆಂಗಿನಕಾಯಿ ಹೇರಿಕೊಂಡು ಘಟ್ಟ ಹತ್ತುವ ಗಾಡಿಗಳು ಇಲ್ಲಿ ದಿನಾ ಇವೆ. ವಾಪಸ್ ಬರುವಾಗ ಡೀಸೆಲ್ ಖರ್ಚಾದರೂ ಹುಟ್ಟಲಿ ಅಂತ 1,200ಕ್ಕೆ ಒಪ್ಪಿದರೆ, ಹಮಾಲಿ ಕಳೆದು 2,310 ಉಳಿಯಿತು, ಮನೆಗೆ 330. ತೆಂಗಿನಕಾಯಿ ಗಾಡಿಯನ್ನೇ ನೋಡಿ ಮಾತ್ರ. ಒಂದು ವರ್ಷ ನಮ್ಮ ಸಕ್ಕರೆ ಚೀಲ ಒಣಮೀನಿನ ಗಾಡಿಯಲ್ಲಿ ಬಂತು. ನಾವು ಮೂರು ಮನೆಯವರು ಮೀನು ತಿನ್ನೋದಿಲ್ಲ. ಆ ಮಳೆಗಾಲವಿಡೀ ನಮ್ಮ ಚಹಾಕ್ಕೆ ಬಂದ ನೆಂಟರು ಎರಡನೇ ಗುಟುಕಿಗೆ ಲೋಟ ಕೆಳಗಿಟ್ಟು ನಮ್ಮ ಮುಖ ನೋಡುತ್ತಿದ್ದರು.

ಹುಬ್ಬಳ್ಳಿ ಬೇಡ ಅಂದ್ರೆ ಕಾರವಾರ, ಕುಮಟಾದಲ್ಲೇ ಚೀಲದ ಲೆಕ್ಕದಲ್ಲಿ ಕೊಡುವ ವ್ಯಾಪಾರಿಗಳಿದ್ದಾರೆ. ಹುಬ್ಬಳ್ಳಿಗಿಂತ ಕೆಜಿಗೆ ಒಂದೆರಡು ರೂಪಾಯಿ ಜಾಸ್ತಿ ಆದರೂ ಗೂಡ್ಸ್ ರಿಕ್ಷಾದಲ್ಲಿ ಮನೆಗೆ ಬರುತ್ತದೆ. ಮೇಲಾಗಿ ಚೀಲ ಸರಿ ಇಲ್ಲದಿದ್ದರೆ ಸಂಜೆಯೇ ವಾಪಸ್ ಒಯ್ಯಬಹುದು. ಏಳು ಮನೆಗೆ ನನ್ನ ಮತ ಇದಕ್ಕೇ. ಇಪ್ಪತ್ತು ಮನೆ ಸೇರಿದರೆ ಹುಬ್ಬಳ್ಳಿ ಯೋಚಿಸಿ.

ಚೀಲ, ಡಬ್ಬಿ ಕೊಳ್ಳುವಾಗ ಕಣ್ಣು ತೆರೆದಿರಬೇಕಾದ ಮೂರು ಜಾಗ ಇವೆ.

26 ಕೆಜಿ ಚೀಲ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿಎಸ್‌ಟಿ ಬಂತು. 25 ಕೆಜಿವರೆಗಿನ ಪ್ಯಾಕಿಗೆ ಮಾತ್ರ. ಅದರ ಮೇಲೆ ಇದ್ದರೆ ಇಲ್ಲ. ಅಲ್ಲಿಂದ ಮಿಲ್ಲಿನವರು ಒಂದು ಕೆಜಿ ಹೆಚ್ಚು ತುಂಬಿದರು, ತೆರಿಗೆ ತಪ್ಪಿತು. ಅದಕ್ಕೇ 25ರ ಚೀಲವನ್ನೂ 26ರ ಚೀಲವನ್ನೂ ಚೀಲದ ದರದಲ್ಲಿ ಹೋಲಿಸಬೇಡಿ, ಕೆಜಿ ದರಕ್ಕೆ ಇಳಿಸಿ ನೋಡಿ.

ಎಣ್ಣೆಯಲ್ಲಿ ಲೀಟರ್ ಬೇರೆ, ಕೆಜಿ ಬೇರೆ. ಒಂದು ಲೀಟರ್ ಅಡುಗೆ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ. 15 ಲೀಟರ್ ಡಬ್ಬಿಯಲ್ಲಿ ಇರೋದು ಹದಿಮೂರೂವರೆ ಕೆಜಿ ಚಿಲ್ಲರೆ. 15 ಕೆಜಿ ಡಬ್ಬಿಯಲ್ಲಿ ಸುಮಾರು ಹದಿನಾರೂವರೆ ಲೀಟರ್. ನೋಡೋಕೆ ಎರಡೂ ಒಂದೇ ಥರ ಇರುತ್ತವೆ. ನೂರು ರೂಪಾಯಿ ಕಡಿಮೆಗೆ ಸಿಕ್ಕಿತು ಅಂತ ಲೀಟರ್ ಡಬ್ಬಿ ತಂದವರು ನಿಜಕ್ಕೂ ಹೆಚ್ಚೇ ಕೊಟ್ಟಿರುತ್ತಾರೆ.

ಮೂರನೇದು ಬಾರದಾನ. ಗೋಣಿಚೀಲದ ತೂಕಕ್ಕೆ ವ್ಯಾಪಾರದಲ್ಲಿ ಹೇಳುವ ಮಾತು. ಚೀಲ ಸಹಿತ 50 ಕೆಜಿಯೋ, ಬೇಳೆಯೇ 50 ಕೆಜಿಯೋ ಅಂತ ಮೊದಲೇ ಬಾಯಿಬಿಟ್ಟು ಕೇಳಬೇಕು. ನಾವು ಕೇಳಿರಲಿಲ್ಲ.

ಜಗಲಿ ಮೇಲೆ ಪಾಲು ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇ ತಿಂಗಳ ಸೆಕೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಜಗಲಿಯ ತೊಲೆಗೆ ಕಟ್ಟಿದ್ದೆವು. ನಮ್ಮಲ್ಲಿ ಲೆಕ್ಕ ಇಡೋದು ಕೊನೆ ಮನೆಯ ಅಕ್ಕೋರು, ನಿವೃತ್ತ ಶಿಕ್ಷಕಿ. ಹಳೆ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಏಳು ಗೆರೆ ಎಳೆದು ಕೂತಿದ್ದರು. ಬೇಳೆ ಚೀಲ ನೇತು ಹಾಕಿದರೆ 49.6. ಬಾರದಾನ 700 ಗ್ರಾಂ. ಬೇಳೆ 48.9. ತಲಾ ಏಳು ಕೆಜಿಯಂತೆ ಆರು ಮನೆಗೆ ಸರಿಯಾಗಿ ಹೋಯಿತು. ಏಳನೇ ಚೀಲ ಕೊಕ್ಕೆಗೆ ಹಾಕಿದಾಗ 6.9. ಯಾರೂ ಮಾತಾಡಲಿಲ್ಲ. ಏಳನೇ ಚೀಲ ಅಕ್ಕೋರದ್ದೇ. ಅವರು ಕನ್ನಡಕ ಸರಿ ಮಾಡಿಕೊಂಡು, ಕೆಂಪು ಪೆನ್ನು ತೆಗೆದು, ತಮ್ಮ ಹೆಸರಿನ ಮುಂದೆ "ಕೊರತೆ 100 ಗ್ರಾಂ" ಅಂತ ಬರೆದು ಕೆಳಗೆ ಎರಡು ಗೆರೆ ಎಳೆದರು. ಆ ನೂರು ಗ್ರಾಂ ಮುಂದಿನ ವರ್ಷದವರೆಗೂ ಮಾತಿಗೆ ಬಂತು. ಈಗ ತೂಕಕ್ಕೆ ಮೊದಲೇ ಅರ್ಧ ಕೆಜಿ ಕೊರತೆ ಅಂತ ಹಿಡಿದು ಪಾಲು ಹಾಕುತ್ತೇವೆ. ಮಿಕ್ಕಿದರೆ ಆ ವರ್ಷ ಓಡಾಡಿದ ಮನೆಗೆ.

ಬೆಳೆದವರ ಹತ್ತಿರ ನೇರ

ನಮ್ಮ ಜಿಲ್ಲೆಯವರಿಗೆ ಹುಬ್ಬಳ್ಳಿಗಿಂತ ದೊಡ್ಡ ಲಾಭ ಇರೋದು ಇಲ್ಲಿ.

ಕುಮಟಾ ಈರುಳ್ಳಿಯಿಂದ ಶುರು ಮಾಡೋಣ. ಬೇಸಿಗೆಯಲ್ಲಿ ಹೆದ್ದಾರಿ ಬದಿಗೆ ಅಳ್ವೇಕೋಡಿ, ಹಂದಿಗೋಣದ ಹತ್ತಿರ ಗೊಂಚಲು ಗೊಂಚಲಾಗಿ ನೇತಾಡುತ್ತಿರುತ್ತದಲ್ಲ, ಅದೇ. ಸಿಹಿ ಜಾಸ್ತಿ, ಘಾಟು ಕಡಿಮೆ. ಒಣಗಿದ ಸೊಪ್ಪನ್ನೇ ಹೆಣೆದು ಜಡೆ ಕಟ್ಟಿರೋದರಿಂದ ಹಾಗೇ ತೂಗು ಹಾಕಬಹುದು. ಗಾಳಿ ಆಡುವ ಕಡೆ, ಒಲೆ ಇದ್ದರೆ ಒಲೆಯ ಮೇಲೆ. ಪೇಟೆಯ ಚೀಲದ ಈರುಳ್ಳಿ ಜುಲೈನಲ್ಲಿ ಮೊಳಕೆ ಒಡೆದು ಕೊಳೆಯುವಾಗ ಇದು ಗಟ್ಟಿಯಾಗಿರುತ್ತದೆ. ಕೊಳ್ಳುವಾಗ ಕುತ್ತಿಗೆ ಹಿಸುಕಿ ನೋಡಿ. ಮೆತ್ತಗಿದ್ದರೆ ಇನ್ನೂ ಹಸಿ ಇದೆ, ಬೇಡ. ಸೇರಿ ಹೋದರೆ ಇಪ್ಪತ್ತು ಗೊಂಚಲಿಗೆ ಚೌಕಾಸಿ ಮಾಡಬಹುದು, ಆದರೆ ಬೇಸಾಯದವರ ಮುಂದೆ ತೀರಾ ಎಳೆದಾಡಬೇಡಿ. ಅವರಿಗೂ ವರ್ಷಕ್ಕೆ ಸಿಗೋದು ಆ ಎರಡು ತಿಂಗಳ ವ್ಯಾಪಾರ.

ಉಪ್ಪಿಗೆ ಗೋಕರ್ಣದ ಹತ್ತಿರ ಸಾಣಿಕಟ್ಟಾ. ಗದ್ದೆಗೆ ಸಮುದ್ರದ ನೀರು ಬಿಟ್ಟು ಬಿಸಿಲಿಗೆ ಹರಳಾಗಿಸುವ ಉಪ್ಪು, ಮಳೆ ಬಿತ್ತು ಅಂದ್ರೆ ಆ ವರ್ಷದ ಕೆಲಸ ಮುಗಿಯಿತು. ಇದರಲ್ಲಿ ಉಳಿತಾಯ ಅಂತ ಏನೂ ಇಲ್ಲ, ಉಪ್ಪೇ ಅಗ್ಗ. ಉಪ್ಪಿನಕಾಯಿಗೆ, ಮಾವಿನಮಿಡಿ ನೀರುಪ್ಪಿಗೆ, ಹಲಸಿನ ತೊಳೆ ಉಪ್ಪಿಗೆ ಹಾಕೋಕೆ ಇದೇ ಆಗಬೇಕು ಅಂತ ನನ್ನ ಅಮ್ಮನ ಹಟ. ದಿನದ ಅಡುಗೆಗೆ ಮಾತ್ರ ಅಯೋಡಿನ್ ಉಪ್ಪು ಬಿಡಬೇಡಿ, ಗದ್ದೆಯ ಹರಳುಪ್ಪಿಗೆ ಅಯೋಡಿನ್ ಸೇರಿಸಿರೋದಿಲ್ಲ. ಮಳೆಗಾಲದಲ್ಲಿ ಚೀಲದಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ನೀರು. ಭರಣಿಯಲ್ಲೋ ಪ್ಲಾಸ್ಟಿಕ್ ಡ್ರಮ್ಮಿನಲ್ಲೋ ಇಡಿ, ತಗಡಿನ ಡಬ್ಬಿ ಬೇಡ.

ಇದರಲ್ಲಿ ನಮ್ಮ ಮನೆಗೆ ಒಂದು ಪದ್ಧತಿ ಇದೆ. ಏಪ್ರಿಲ್‌ನಲ್ಲಿ ಇಲ್ಲಿಂದ ಒಂದು ಚೀಲ ಉಪ್ಪು, ಎರಡು ಗೊಂಚಲು ಈರುಳ್ಳಿ ಶಿರಸಿಗೆ ಹತ್ತುತ್ತದೆ. ಅಲ್ಲಿಂದ ಒಂದು ಡಬ್ಬಿ ಜೋನಿಬೆಲ್ಲ, ಒಣಗಿಸಿದ ಮುರುಗಲು (ಪುನರ್ಪುಳಿ) ಸಿಪ್ಪೆ ಇಳಿಯುತ್ತದೆ. ಹಣದ ಮಾತಿಲ್ಲ. ಘಟ್ಟದ ಮೇಲೊಂದು, ಕೆಳಗೊಂದು ಮನೆ ಸಂಬಂಧ ಇರುವವರಿಗೆ ಇದಕ್ಕಿಂತ ಅಗ್ಗದ ಹೋಲ್‌ಸೇಲ್ ಇಲ್ಲ. ಜೋನಿಬೆಲ್ಲ ಕೊಳ್ಳೋದಾದರೆ ಆಲೆಮನೆ ನಡೆಯುವ ಬೇಸಿಗೆಯಲ್ಲೇ ಹೇಳಿಡಿ. ಮೇ ತಿಂಗಳಲ್ಲಿ ಹೋದರೆ ಉಳಿದಿದ್ದು ಸಿಗುತ್ತದೆ, ಒಳ್ಳೇದು ಆಗಲೇ ಹೋಗಿರುತ್ತದೆ. ಡಬ್ಬಿಯೊಳಗೆ ನೀರಿನ ಸೌಟು ಹಾಕಿದರೆ ಹುಳಿ ಬರುತ್ತದೆ, ಅದೊಂದು ನೆನಪಿರಲಿ.

ಒಣಮೀನಿನ ವಿಷಯ ನಾನು ಕೇಳಿ ಬರೆಯುತ್ತಿರೋದು, ವೈನಿ ಹೇಳಿದ್ದು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಒಣ ಬಂಗಡೆ, ಒಣ ಸಿಗಡಿ ಮೇ ಒಳಗೆ ತಗೊಂಡವರೇ ಜಾಣರು. ನಮ್ಮ ಕೇರಿಯ ನಾಲ್ಕು ಮನೆ ಸೇರಿ ಪ್ರತಿ ವರ್ಷ ಮೀನು ಮಾರುವ ಒಬ್ಬ ಹೆಂಗಸಿನ ಹತ್ತಿರವೇ ತಗೊಳ್ಳುತ್ತಾರೆ. ಮುರಿದರೆ ಟಕ್ ಅನ್ನಬೇಕು, ಬಾಗಿದರೆ ಒಳಗೆ ಪಸೆ ಇದೆ. ಮೇಲೆ ಬಿಳಿ ಕಂಡರೆ ಬೆರಳಲ್ಲಿ ಒರೆಸಿ ನೋಡಬೇಕು. ಉಪ್ಪಿನ ಹರಳಾದರೆ ಗರಗರ ಅನ್ನುತ್ತದೆ, ಬೂಷ್ಟಾದರೆ ಮೆತ್ತಗೆ ಅಂಟುತ್ತದೆ. ಮನೆಗೆ ತಂದ ಮೇಲೂ ಎರಡು ಬಿಸಿಲು ಕೊಟ್ಟು, ತಣಿದ ಮೇಲೆ ಡಬ್ಬಿಗೆ.

ಬ್ಯಾಡಗಿ ಮೆಣಸಿಗೆ ಹಾವೇರಿ ಕಡೆ ಹೋಗುವವರು ಶಿರಸಿಯಲ್ಲಿ ಬೇಕಾದಷ್ಟಿದ್ದಾರೆ. ಬೇಸಿಗೆ ಆರಂಭದಲ್ಲಿ ಹೊಸ ಮೆಣಸು ಬರುತ್ತದೆ. ತರಿಸಿ, ತೊಟ್ಟು ಮುರಿದು, ಗರಿಗರಿ ಒಣಗಿಸಿ ಇಟ್ಟರೆ ಮಳೆಗಾಲ ದಾಟುತ್ತದೆ. ಬಣ್ಣ ನೋಡಿ ಮಾರುಹೋಗಬೇಡಿ. ತೂಕಕ್ಕೆ ಅಂತ ನೀರು ಚಿಮುಕಿಸಿದ ಮೆಣಸು ಒಳಗಿಂದ ಕಪ್ಪಾಗುತ್ತದೆ. ಮೂರ್ನಾಲ್ಕು ಒಡೆದು ನೋಡಿ. ಬೂಷ್ಟು ಹಿಡಿದ ಮೆಣಸು, ಶೇಂಗಾ ಎರಡನ್ನೂ ತೊಳೆದು ಒಣಗಿಸಿ ಬಳಸೋಣ ಅಂದುಕೊಳ್ಳಬೇಡಿ. ಅದರ ವಿಷ ತೊಳೆದರೆ ಹೋಗೋದಿಲ್ಲ, ಎಸೆಯೋದೇ.

ಅಘನಾಶಿನಿ ಹೊಳೆಯ ಅಳಿವೆಯ ಗಜನಿ ಗದ್ದೆಯ ಕಗ್ಗ ಅಕ್ಕಿ ಸಿಕ್ಕರೆ ಬಿಡಬೇಡಿ. ಉಪ್ಪುನೀರಿನಲ್ಲೇ ಬೆಳೆಯುವ ಕೆಂಪಕ್ಕಿ, ಗಂಜಿಗೆ ಅದರ ರುಚಿ ಬೇರೆ. ಸಿಗೋದು ಕಮ್ಮಿ, ಹಾಗಾಗಿ ಇಡೀ ಮಳೆಗಾಲಕ್ಕೆ ಅದನ್ನೇ ನಂಬಿ ಕೂರೋಕಾಗೋದಿಲ್ಲ.

ಆನ್‌ಲೈನ್

ಪೇಸ್ಟ್, ಸೋಪು, ಡಯಾಪರ್, ಟಾರ್ಚ್ ಇಂಥದ್ದಕ್ಕೆ ಚಲೋ. ಅಕ್ಕಿ, ಬೇಳೆಗೆ ಕೈ ಹಾಕಿ ನೋಡೋಕಾಗೋದಿಲ್ಲ. ಪ್ಯಾಕೆಟ್ ಸಣ್ಣದಾಗಿದ್ದೂ ಗೊತ್ತಾಗೋದಿಲ್ಲ. ಎಂಆರ್‌ಪಿ ಪಕ್ಕದಲ್ಲಿ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಹೋಲಿಸಿ. ರಸ್ತೆ ಬಂದ್ ಆದಾಗ ಮೊದಲು ನಿಲ್ಲೋದೂ ಇದೇ.

ತಂದ ಮೇಲೆ

ಅಗ್ಗಕ್ಕೆ ತಂದು ಹುಳಕ್ಕೆ ಹಾಕಿದರೆ ಏನು ಬಂತು? ಏಳು ಮನೆಯಲ್ಲಿ ನಾನು ನೋಡಿದ ಹಾಗೆ, ಸಾಮಾನು ಕೆಡೋದು ಜಾಸ್ತಿ ಮೊದಲ ವಾರದಲ್ಲಿ ಮಾಡಿದ ತಪ್ಪಿನಿಂದ. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸಿ ಇಟ್ಟರು, ಮಳೆ ಬಂತು, ಪಸೆ ಹತ್ತಿತು. ಕೆಳಗೆ ಹಲಗೆ, ಗೋಡೆಯಿಂದ ಒಂದು ಗೇಣು ದೂರ. ಅಷ್ಟು ಸಾಕು.

ಬೇಳೆಗೆ ಮೇ ಬಿಸಿಲು ತೋರಿಸಿ. ಅಕ್ಕಿಗೆ ಬೇಡ, ಖಾರ ಬಿಸಿಲಿಗೆ ಕಾಳು ಸೀಳಿ ನುಚ್ಚಾಗುತ್ತದೆ, ನೆರಳಲ್ಲಿ ಆರಿಸಿ. ತೊಗರಿಬೇಳೆಗೆ ಹರಳೆಣ್ಣೆ ಸವರಿಡೋದು ಹಳೆ ಉಪಾಯ, ಕೆಜಿಗೆ ಒಂದು ಚಮಚ. ಬೇಯಿಸೋಕೆ ಮುಂಚೆ ಬಿಸಿನೀರಲ್ಲಿ ತೊಳೆದರಾಯಿತು. ಅಕ್ಕಿಗೆ ನಮ್ಮಜ್ಜಿ ಒಣ ಲಕ್ಕಿ ಸೊಪ್ಪು ಹಾಕುತ್ತಿದ್ದಳು. ಇಲ್ಲಿ ಬೇವಿನ ಸೊಪ್ಪು ಹಾಕುತ್ತಾರೆ. ಯಾವ ಸೊಪ್ಪಾದರೂ ನೆರಳಲ್ಲಿ ಪೂರ್ತಿ ಒಣಗಿರಬೇಕು. ಹಸಿ ಸೊಪ್ಪು ಹಾಕಿದರೆ ನೀವೇ ಒಳಗೆ ನೀರು ಹಾಕಿದ ಹಾಗೆ. ಕುಚ್ಚಲಕ್ಕಿಗೆ ಬೆಳ್ತಿಗೆಯಷ್ಟು ಬೇಗ ಹುಳ ಹತ್ತೋದಿಲ್ಲ. ಹಾಗಾಗಿ ಎರಡೂ ಇರುವ ಮನೆಯವರು ಬೆಳ್ತಿಗೆ ಚೀಲವನ್ನು ಮೊದಲು ಖಾಲಿ ಮಾಡಿ.

ಎಣ್ಣೆ ಡಬ್ಬಿ ಒಡೆದ ದಿನವೇ ಪಾಲು ಮಾಡಿ. ಸ್ಟೀಲ್ ಪಾತ್ರೆಗೆ ಹಾಕಿ ಬಾಯಿ ಗಟ್ಟಿ ಮುಚ್ಚಿ, ಕತ್ತಲಲ್ಲಿಡಿ. ಹಿತ್ತಾಳೆ, ತಾಮ್ರದ್ದು ಬೇಡ, ಎಣ್ಣೆ ಬೇಗ ಕಮಟು ಬರುತ್ತದೆ.

ಸೇರಿ ತರಬಾರದ್ದೂ ಇದೆ. ಬಿಪಿ, ಶುಗರ್ ಮಾತ್ರೆ ಅವರವರದ್ದು ಅವರವರೇ, ಒಂದು ತಿಂಗಳಿನದು ಹೆಚ್ಚಿಗೆ ಇರಲಿ. ಗ್ಯಾಸ್ ಸಿಲಿಂಡರ್ ಎರಡನೇದನ್ನು ಮೇ ಕೊನೆಗೇ ತುಂಬಿಸಿಡಿ. ಪೆಟ್ರೋಲ್ ಕ್ಯಾನ್ ತುಂಬಿಡೋ ಬುದ್ಧಿವಂತಿಕೆ ಬೇಡವೇ ಬೇಡ. ಆದರೆ ತಾಡಪತ್ರಿ, ನೈಲಾನ್ ಹಗ್ಗ, ಮೇಣಬತ್ತಿ, ಬೆಂಕಿಪೆಟ್ಟಿಗೆ, ಓಆರ್‌ಎಸ್ ಪುಡಿ ಇವುಗಳನ್ನು ಸೇರಿ ತಂದರೆ ಕೆಡುವ ಭಯವಿಲ್ಲ. ತಾಡಪತ್ರಿ ರೋಲ್ ಲೆಕ್ಕದಲ್ಲಿ ತಂದು ಕತ್ತರಿಸಿಕೊಂಡಾಗ ನಮಗೆ ಅಕ್ಕಿಗಿಂತ ಹೆಚ್ಚು ಉಳಿಯಿತು. ಬೆಂಕಿಪೆಟ್ಟಿಗೆಯನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಡಿ, ಮಳೆಗಾಲದಲ್ಲೂ ಗೀರಿದರೆ ಹತ್ತುತ್ತದೆ.

ದುಡ್ಡಿನ ಮಾತು

ಏಳು ಮನೆ ಮುರಿಯೋದು ದರದಿಂದಲ್ಲ, ಬಾಕಿಯಿಂದ. ನಮ್ಮಲ್ಲಿ ಮುಂಗಡ ಕೊಡದವರ ಹೆಸರು ಪಟ್ಟಿಯಲ್ಲಿ ಇರೋದಿಲ್ಲ. "ಸಾಮಾನು ಬಂದ ಮೇಲೆ ಕೊಡ್ತೆ" ಅನ್ನೋದಕ್ಕೆ ಅಕ್ಕೋರು ಸುಮ್ನೆ ನಗುತ್ತಾರೆ, ಬರೆದುಕೊಳ್ಳೋದಿಲ್ಲ. ಕಷ್ಟ ಇರುವ ಮನೆಗೆ ಕಂತು ಬೇಕಾದರೆ ಏಪ್ರಿಲ್‌ನಿಂದಲೇ ವಾರಕ್ಕಿಷ್ಟು ಅಂತ ಕಟ್ಟಬಹುದು, ಒಂದು ಮನೆಯವರು ಹಾಗೇ ಮಾಡುತ್ತಾರೆ. ಸ್ವಸಹಾಯ ಸಂಘದ ಉಳಿತಾಯದ ದುಡ್ಡನ್ನು ಇದಕ್ಕೆ ತೆಗೆಯೋಣ ಅಂತ ಒಮ್ಮೆ ಮಾತು ಬಂದಿತ್ತು. ಬೇಡ ಅಂದೆವು. ಆ ಲೆಕ್ಕಕ್ಕೂ ಬೇಳೆಯ ಲೆಕ್ಕಕ್ಕೂ ಗಂಟು ಬಿದ್ದರೆ ಬಿಡಿಸೋರು ಯಾರು? ದುಡ್ಡು ಹಿಡಿಯೋರು ಒಬ್ಬರು, ತೂಗೋರು ಇನ್ನೊಬ್ಬರು, ಬಿಲ್ಲಿನ ಫೋಟೋ ಎಲ್ಲರ ಮೊಬೈಲಿಗೆ. ಚೀಲ ಎಲ್ಲರ ಎದುರು ಒಡೆಯೋದು, ತಕರಾರು ಇದ್ದರೆ ಅವತ್ತೇ. ಮಾರನೇ ದಿನ ಹುಳ ಕಂಡಿತು ಅಂದ್ರೆ ಅದು ನಿಮ್ಮ ಮನೆಯ ಹುಳ.

ಇಷ್ಟೆಲ್ಲ ನಿಯಮ ಮಾಡಿದರೂ ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ, ಖಾಲಿ ಗೋಣಿಚೀಲ ಯಾರಿಗೆ? ಅಕ್ಕಿ ಈಗ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತದೆ. ಗೋಣಿ ಅಂತ ಸಿಗೋದು ಎರಡೇ, ಒಂದು ಬೇಳೆಯದು, ಒಂದು ಮೆಣಸಿನದು. ಮಳೆಗಾಲದಲ್ಲಿ ಬಾಗಿಲ ಬುಡಕ್ಕೆ ಹಾಕೋಕೆ ಏಳೂ ಮನೆಗೆ ಬೇಕು. ಹೋದ ವರ್ಷ ಚೀಟಿ ಎತ್ತಿದೆವು. ಬೇಳೆ ಚೀಲ ವೈನಿಗೆ ಹೋಯಿತು. ಮೆಣಸಿನ ಚೀಲ ನನಗೆ ಬಂತು. ಖುಷಿಯಿಂದ ಕೊಡವಿ ಬಾಗಿಲಿಗೆ ಹಾಕಿದೆ. ಮೊದಲ ಮಳೆಗೆ ನೆನೆದ ಕಾಲನ್ನು ಅದಕ್ಕೆ ಒರೆಸಿಕೊಂಡು ಒಳಗೆ ಬಂದ ನಮ್ಮ ಮಾವನವರು, ರಾತ್ರಿ ಊಟದವರೆಗೂ ಬಕೆಟ್ ನೀರಿನಲ್ಲಿ ಕಾಲು ಇಟ್ಟುಕೊಂಡು ಕೂತಿದ್ದರು.